ಎಡವೋ ಬಲವೋ? ಆಕಾಶದ ಕಿಟಕಿಯ ಲೆಕ್ಕ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಲಿತ ಮೊದಲ ವಿದ್ಯೆ ಟವೆಲ್ ಹಾಕುವುದು. ಬಸ್ಸು ಬಂದು ನಿಲ್ಲುವ ಮೊದಲೇ ಅದರ ಜತೆಗೆ ಓಡುತ್ತಾ ಕಿಟಕಿಯೊಳಗೆ ಟವೆಲೋ, ಚೀಲವೋ, ಏನೂ ಇಲ್ಲದಿದ್ದರೆ ತಮ್ಮನನ್ನೋ ತೂರಿಸಿಬಿಟ್ಟರೆ ಆ ಸೀಟು ನಮ್ಮದು. ಎಲ್ಲರೂ ಸಿಕ್ಕಿದ ಕಿಟಕಿಗೆ ಟವೆಲ್ ಎಸೆಯುತ್ತಿದ್ದರೆ ಅಪ್ಪ ಮಾತ್ರ ಒಂದು ಗಳಿಗೆ ನಿಂತು ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದರು. "ಅರಸೀಕೆರೆ ದಾರಿ ಉತ್ತರಕ್ಕೆ ಹೋಗುತ್ತೆ ಕಣೋ. ಈಗ ಎಂಟು ಗಂಟೆ. ಬಿಸಿಲು ಬಲಕ್ಕೆ ಬೀಳುತ್ತೆ, ಎಡಗಡೆ ಹಾಕು." ಹಾಗೆಯೇ ಆಗುತ್ತಿತ್ತು. ಬಲಗಡೆಯವರು ಸೆರಗು, ಪೇಪರು ಅಡ್ಡ ಹಿಡಿದು ಒದ್ದಾಡುತ್ತಿದ್ದರೆ ನಾವು ನೆರಳಲ್ಲಿ ಕೂತು ತೆಂಗಿನ ತೋಟ ನೋಡುತ್ತಾ ಹೋಗುತ್ತಿದ್ದೆವು.

ಈ ವಿದ್ಯೆ ವಿಮಾನಕ್ಕೂ ಬೇಕು ಎಂದು ಗೊತ್ತಾಗಲು ನನಗೆ ಒಂದು ಗೋಡೆ ಎದುರಾಗಬೇಕಾಯಿತು. ಕೆಲವು ವರ್ಷಗಳ ಹಿಂದೆ ಮುನ್ನೂರು ಚಿಲ್ಲರೆ ರೂಪಾಯಿ ಹೆಚ್ಚಿಗೆ ಕೊಟ್ಟು ಕಿಟಕಿ ಸೀಟು ಬುಕ್ ಮಾಡಿದ್ದೆ. ಹೋಗಿ ಕೂತರೆ ಭುಜದ ಪಕ್ಕ ನುಣ್ಣನೆಯ ಪ್ಲಾಸ್ಟಿಕ್ ಹಲಗೆ, ಕಿಟಕಿಯೇ ಇಲ್ಲ. ಮುಂದಿನ ಸಾಲಿನವರ ಕಿಟಕಿಯ ಅಂಚು ಕತ್ತು ಚಾಚಿದರೆ ನಾಲ್ಕು ಬೆರಳಿನಷ್ಟು ಕಾಣುತ್ತಿತ್ತು. ಗಗನಸಖಿಯನ್ನು ಕೇಳಿದೆ. "ಇದು ವಿಂಡೋ ಸೀಟೇ ಸರ್, ವಿಂಡೋ ಮಾತ್ರ ಇಲ್ಲ" ಎಂದು ಪಾಪ ಆಕೆಯೂ ನಕ್ಕರು. ಮಂಗಳೂರು ಬರುವವರೆಗೂ ಹಲಗೆ ನೋಡಿದೆ. ಅಂದಿನಿಂದ ಸೀಟಿನ ವಿಷಯದಲ್ಲಿ ನಾನು ಅಪ್ಪನ ಶಿಷ್ಯ.

ಗೋಡೆಗೆ ಕಾರಣ ಸರಳ. ವಿಮಾನದ ಕಿಟಕಿಗಳನ್ನು ಕೊರೆಯುವುದು ಅದರ ಅಸ್ಥಿಪಂಜರದ ಲೆಕ್ಕದಲ್ಲಿ. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ವಿಮಾನಗಳಲ್ಲಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ 20–21 ಅಂಗುಲ. ಸೀಟುಗಳನ್ನು ಜೋಡಿಸುವುದು ವಿಮಾನಯಾನ ಕಂಪನಿಯ ಲೆಕ್ಕದಲ್ಲಿ, ಸಾಮಾನ್ಯವಾಗಿ 28ರಿಂದ 30 ಅಂಗುಲಕ್ಕೆ ಒಂದು ಸಾಲು. ಎರಡು ಲೆಕ್ಕ ಬೇರೆಯಾದ ಮೇಲೆ ಕೆಲವು ಸಾಲಿಗೆ ಒಂದೂವರೆ ಕಿಟಕಿ, ಕೆಲವಕ್ಕೆ ಅರ್ಧ. ಬೋಯಿಂಗ್ 737ರಲ್ಲಂತೂ ರೆಕ್ಕೆಯ ಹತ್ತಿರ ಒಂದು ಕಡೆ ಕಿಟಕಿಯನ್ನೇ ಕೊರೆದಿಲ್ಲ. ಹೊಟ್ಟೆಯೊಳಗಿನ ಎ.ಸಿ. ಯಂತ್ರದಿಂದ ಚಾವಣಿಗೆ ಗಾಳಿ ಒಯ್ಯುವ ಕೊಳವೆ ಅಲ್ಲಿ ಗೋಡೆಯೊಳಗೆ ಹಾದುಹೋಗುತ್ತದೆ. ನನಗೆ ಸಿಕ್ಕಿದ್ದು ಆ ಜಾಗವೇ ಇರಬೇಕು.

ಒಳ್ಳೆಯ ಸೀಟು ಸಿಗುವುದು ಅದೃಷ್ಟವಲ್ಲ. ರೆಕ್ಕೆ, ದಿಕ್ಕು, ಹೊತ್ತು ಎಂಬ ಮೂರನ್ನು ಕೂಡಿಸಿ ಕಳೆದರೆ ಉತ್ತರ ಸಿಗುತ್ತದೆ.

ಮೊದಲು ರೆಕ್ಕೆ. ಎ320ರಲ್ಲಿ ಸುಮಾರು ಎಂಟೊಂಬತ್ತನೇ ಸಾಲಿನಿಂದ ಇಪ್ಪತ್ತರ ಆಸುಪಾಸಿನವರೆಗೆ ಕೆಳಗೆ ನೋಡಿದರೆ ರೆಕ್ಕೆಯೇ ಕಾಣುವುದು. ಅದಕ್ಕಿಂತ ಮುಂದಿನ ಸಾಲುಗಳು ಎಲ್ಲಕ್ಕಿಂತ ಮೇಲು, ಆದರೆ ಅವಕ್ಕೆ ಬೆಲೆಯೂ ಹೆಚ್ಚು. ಕಿಸೆ ನೋಡಿಕೊಳ್ಳುವವರಿಗೆ ನನ್ನ ಸಲಹೆ ಹಿಂದಿನ ನಾಲ್ಕೈದು ಸಾಲು. ಶೌಚಾಲಯದ ಕ್ಯೂ ಪಕ್ಕದಲ್ಲೇ ನಿಲ್ಲುತ್ತದೆ, ಇಳಿಯುವಾಗ ಎಲ್ಲರಿಗಿಂತ ಕೊನೆ, ನಿಜ. ನೆಲ ಮಾತ್ರ ಚೆನ್ನಾಗಿ ಕಾಣುತ್ತದೆ. ರೆಕ್ಕೆಯ ಬೆನ್ನಿಗೇ ಇರುವ ಸಾಲು ಬೇಡ. ಎಂಜಿನ್ನಿನ ಬಿಸಿಗಾಳಿ ಹಾಯುವ ಕಡೆ ನೋಟ ಕಾದ ಟಾರು ರಸ್ತೆಯ ಮೇಲಿನ ಗಾಳಿಯಂತೆ ಅಲುಗಾಡುತ್ತದೆ. ರೆಕ್ಕೆಯ ಮೇಲೇ ಸೀಟು ಸಿಕ್ಕಿದರೆ ಬೇಸರ ಬೇಡ. ಇಳಿಯುವಾಗ ಅದರ ಹಿಂಬದಿ ಹಂತ ಹಂತವಾಗಿ ಕೆಳಗೆ ಬಾಗುವುದು, ಚಕ್ರ ನೆಲ ಮುಟ್ಟಿದ ಕೂಡಲೇ ಮೇಲಿನ ಹಲಗೆಗಳು ಒಟ್ಟಿಗೆ ಎದ್ದು ನಿಲ್ಲುವುದು, ಇವೂ ನೋಡುವಂಥವೇ.

ಸಣ್ಣ ಊರುಗಳಿಗೆ ಹೋಗುವ ಎಟಿಆರ್ ವಿಮಾನದ್ದು ಬೇರೆ ಮಾತು. ಎಪ್ಪತ್ತು ಚಿಲ್ಲರೆ ಜನ ಹಿಡಿಸುವ ಈ ಪಂಖದ ವಿಮಾನವನ್ನು ಕಂಡರೆ ಕೆಲವರಿಗೆ ತಾತ್ಸಾರ. ನೋಟದ ಲೆಕ್ಕದಲ್ಲಿ ಇದನ್ನು ಮೀರಿಸುವ ವಿಮಾನವಿಲ್ಲ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ದೊಡ್ಡ ಜೆಟ್‌ಗಳು 35 ಸಾವಿರ ಅಡಿ ಎತ್ತರದಲ್ಲಿ ಹಾರಿದರೆ ಇದು 20 ಸಾವಿರದ ಆಸುಪಾಸಿನಲ್ಲೇ ಸಾಗುತ್ತದೆ. ಅಡಿಕೆ ತೋಟ ಯಾವುದು, ತೆಂಗಿನ ತೋಟ ಯಾವುದು ಎಂದು ಇಳಿಯುವಾಗ ಬೇರೆ ಬೇರೆ ಗುರುತಿಸಬಹುದು. ಹತ್ತುವ ಬಾಗಿಲು ಹಿಂದೆ ಇರುವುದರಿಂದ ಹಿಂದಿನ ಸಾಲಿನವರಿಗೆ ಇಳಿಯಲು ತಡವೂ ಇಲ್ಲ.

ಇನ್ನು ದಿಕ್ಕು. ಹೋಗುವ ದಿಕ್ಕಿಗೆ ಮುಖ ಮಾಡಿ ಕೂತಾಗ ಎಡಗೈ ಕಡೆಯದು ಎ. ಬಲಗೈ ಕಡೆಯದು, ಮೂರು-ಮೂರು ಸೀಟಿನ ವಿಮಾನದಲ್ಲಿ, ಎಫ್. ವಿದೇಶಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ ಬಲಗಡೆಯದು ಕೆ ಅಥವಾ ಎಲ್. ಮೊಬೈಲಿನಲ್ಲಿ ಭೂಪಟ ತೆರೆದು ಹೊರಡುವ ಊರಿಂದ ಸೇರುವ ಊರಿಗೆ ಬೆರಳಲ್ಲಿ ಒಂದು ಗೆರೆ ಎಳೆಯಿರಿ. ನೋಡಬೇಕಾದ್ದು ಗೆರೆಯ ಯಾವ ಪಕ್ಕಕ್ಕಿದೆಯೋ ಸೀಟು ಆ ಪಕ್ಕಕ್ಕೆ. ದಾರಿ ಪಕ್ಕಾ ಗೆರೆಯಂತೆಯೇ ಇರುವುದಿಲ್ಲ. ಹವಾಮಾನ, ದಟ್ಟಣೆ ನೋಡಿ ಅತ್ತಿತ್ತ ಸರಿಯುತ್ತದೆ. ಆದರೂ ಹತ್ತರಲ್ಲಿ ಏಳೆಂಟು ಸಲ ಗೆರೆ ಮೋಸ ಮಾಡುವುದಿಲ್ಲ.

ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದಲೇ ಶುರು ಮಾಡೋಣ. ಅಲ್ಲಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಮಲಗಿವೆ. ರನ್‌ವೇಯ ತುದಿಯಲ್ಲಿ ಬರೆದ 09, 27 ಎಂಬ ಅಂಕಿಗಳಿಗೆ ಒಂದೊಂದು ಸೊನ್ನೆ ಸೇರಿಸಿದರೆ 90 ಡಿಗ್ರಿ, 270 ಡಿಗ್ರಿ. ಅಂದರೆ ಪೂರ್ವ ಮತ್ತು ಪಶ್ಚಿಮ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಪಡುವಣ ಗಾಳಿಯ ಮಳೆಗಾಲದಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಏರಿದರೆ, ಮೂಡಣ ಗಾಳಿಯ ಚಳಿಗಾಲದಲ್ಲಿ ಪೂರ್ವಕ್ಕೆ. ನಂದಿಬೆಟ್ಟ ನಿಲ್ದಾಣದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್. ಪಶ್ಚಿಮಕ್ಕೆ ಏರುವ ವಿಮಾನಕ್ಕೆ ಅದು ಬಲಕ್ಕೆ, ಪೂರ್ವಕ್ಕೆ ಏರಿದರೆ ಎಡಕ್ಕೆ. ಊರು ನೋಡಬೇಕೆನ್ನುವವರು ಇದನ್ನೇ ತಿರುಗುಮುರುಗು ಮಾಡಿಕೊಳ್ಳಲಿ. ಕೆಳಗಿನಿಂದ ಹತ್ತುವಾಗ ತಿರುವು ತಿರುವಾಗಿ ಮುಗಿಯದ ನಂದಿ, ಮೇಲಿನಿಂದ ನೋಡಿದರೆ ಬಯಲಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ಒಂದೇ ಬೂದು ಬಂಡೆ.

ಬೆಂಗಳೂರು–ಮಂಗಳೂರು ದಾರಿಯಲ್ಲಿ ವಿಮಾನ ನೇರ ಪಶ್ಚಿಮಕ್ಕೆ ಹೋಗುತ್ತದೆ. ಎಡಗಡೆ ಶ್ರವಣಬೆಳಗೊಳ, ಗೊರೂರಿನ ಹೇಮಾವತಿ ಜಲಾಶಯ, ಆಮೇಲೆ ಪುಷ್ಪಗಿರಿಯ ಸಾಲು. ಬಲಗಡೆ ಕುದುರೆಮುಖ. 1,890 ಮೀಟರಿಗೂ ಮಿಕ್ಕಿದ ಈ ಬೆಟ್ಟ ಗೆರೆಗೆ ಎಷ್ಟು ಹತ್ತಿರವೆಂದರೆ, ವಿಮಾನ ಇಳಿಯಲು ತೊಡಗಿದ ಹೊತ್ತಿಗೆ ಹುಲ್ಲಿನ ಇಳಿಜಾರು, ಅದರ ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡಿನ ಕಪ್ಪು ಗೆರೆ ಬೇರೆ ಬೇರೆಯಾಗಿ ಕಾಣುತ್ತವೆ. ಬಯಲುಸೀಮೆಯ ಕಂದು ನೆಲ ಮಲೆನಾಡಿನ ಹಸಿರಾಗಿ, ಆ ಹಸಿರು ಒಮ್ಮೆಲೇ ಕಡಿದು ಬಿದ್ದು ಕರಾವಳಿಯಾಗುವುದನ್ನು ಒಂದು ಗಂಟೆಯೊಳಗೆ ನೋಡಬಹುದು. ಬಸ್ಸಿನಲ್ಲಿ ಘಟ್ಟ ಇಳಿಯುತ್ತಾ ಹೊಟ್ಟೆ ತೊಳೆಸಿಕೊಂಡವರಿಗೆ ಇದರ ಬೆಲೆ ಗೊತ್ತು. ಕೊನೆಗೆ ಕಡಲ ಕಡೆಯಿಂದ ಸುತ್ತಿ ಬಂದು ಇಳಿದರೆ ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯೂ ಬಲಕ್ಕೇ. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿ ಸವರಿ ಮಾಡಿದ್ದು. ನೆಲ ಇನ್ನೂ ದೂರವಿದೆ ಎಂದುಕೊಳ್ಳುವಷ್ಟರಲ್ಲಿ ಚಕ್ರ ತಾಗಿಬಿಡುತ್ತದೆ.

ಮುಂಬಯಿಯಿಂದ ಮಂಗಳೂರಿಗೆ ಬರುವ ನಮ್ಮವರು ಇನ್ನೂ ಪುಣ್ಯವಂತರು. ಆ ಗೆರೆ ಹೆಚ್ಚುಕಡಿಮೆ ಕರಾವಳಿಯ ಅಂಚಿನ ಮೇಲೆಯೇ ಬೀಳುತ್ತದೆ. ಎಡಕ್ಕೆ ಘಟ್ಟದ ಗೋಡೆ, ಬಲಕ್ಕೆ ಕಡಲು. ಕಾರವಾರದ ಹತ್ತಿರ ಕಾಳಿ, ಆಮೇಲೆ ಗಂಗಾವಳಿ, ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಉತ್ತರ ಕನ್ನಡದ ನಾಲ್ಕೂ ಅಳಿವೆಗಳು ಪಾಠದ ಪುಸ್ತಕದ ಕ್ರಮದಲ್ಲೇ ಬರುತ್ತವೆ. ಮುರುಡೇಶ್ವರದಾಚೆ ಕಡಲಲ್ಲಿ ನೇತ್ರಾಣಿ ದ್ವೀಪ ಬಲಗಡೆಯವರ ಪಾಲು. ಬೆಂಗಳೂರಿನಿಂದ ಮುಂಬಯಿಗೆ ಹೋಗುವವರಿಗೆ ಬಲಕ್ಕೆ ತುಂಗಭದ್ರಾ ಜಲಾಶಯ, ಎಡಕ್ಕೆ ಸಹ್ಯಾದ್ರಿ ಮತ್ತು ಕೊಯ್ನಾದ ಉದ್ದನೆಯ ನೀರು.

ದಿಕ್ಕು ಗೊತ್ತಾದ ಮೇಲೆ ಹೊತ್ತು. ಇಲ್ಲಿ ಅಪ್ಪನ ನೆರಳಿನ ನಿಯಮ ಹಾಗೆ ಹಾಗೇ ನಡೆಯುತ್ತದೆ, ಕಾರಣ ಮಾತ್ರ ಬೇರೆ. ಬಸ್ಸಿನಲ್ಲಿ ನೆರಳು ಬೇಕಾದ್ದು ಮೈಗೆ, ವಿಮಾನದಲ್ಲಿ ಕಣ್ಣಿಗೆ. ಸೂರ್ಯನ ಕಡೆ ನೋಡಿದರೆ ಗಾಳಿಯಲ್ಲಿ ತೇಲುವ ದೂಳು, ತೇವಾಂಶ ಬೆಳಕನ್ನು ನಮ್ಮ ಕಡೆಗೇ ಚೆಲ್ಲಿ ನೆಲದ ಮೇಲೆ ಹಾಲು ಹರಡಿದಂತಾಗುತ್ತದೆ. ಕಿಟಕಿಯ ಮೇಲಿನ ಪ್ರತಿ ಗೀರೂ ಹೊಳೆಯುತ್ತದೆ. ಸೂರ್ಯ ಬೆನ್ನಿಗಿದ್ದರೆ ಬೆಟ್ಟಕ್ಕೆ ಬಣ್ಣ, ಕಾಡಿಗೆ ಹಸಿರು. ಆದ್ದರಿಂದ ಉತ್ತರಕ್ಕೆ ಹೋಗುವಾಗ ಬೆಳಗ್ಗೆ ಎಡ, ಸಂಜೆ ಬಲ. ದಕ್ಷಿಣಕ್ಕೆ ಬರುವಾಗ ಅದರ ತದ್ವಿರುದ್ಧ. ಪೂರ್ವ–ಪಶ್ಚಿಮ ಪಯಣದಲ್ಲಿ, ನಡುಹಗಲ ಸೂರ್ಯ ನಮ್ಮ ನಾಡಿನಲ್ಲಿ ವರ್ಷದ ಹೆಚ್ಚಿನ ದಿನ ದಕ್ಷಿಣಕ್ಕೆ ವಾಲಿರುತ್ತಾನಾದ್ದರಿಂದ, ಉತ್ತರದ ಕಿಟಕಿ ತಂಪು. ಇದಕ್ಕೂ ಒಂದು ಅಪವಾದವುಂಟು. ಬೆಂಗಳೂರಿನಲ್ಲಿ ಏಪ್ರಿಲ್ 24, ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡುನೆತ್ತಿಗೆ ಬರುವ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಆ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಆಗ ಲೆಕ್ಕ ಮಗುಚಿಕೊಳ್ಳಿ.

ನೆರಳಿನ ಕಡೆ ಕೂತವರಿಗೆ ಒಂದು ಬಹುಮಾನವೂ ಇದೆ. ಕೆಳಗೆ ಮೋಡದ ಹಾಸು ಇದ್ದಾಗ ವಿಮಾನದ ನೆರಳು ಅದರ ಮೇಲೆ ಬೀಳುತ್ತದೆ, ನೆರಳಿನ ಸುತ್ತ ಬಣ್ಣದ ಬಳೆಗಳು. ಒಳಗೆ ನೀಲಿ, ಹೊರಗೆ ಕೆಂಪು. ಮೋಡದ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವುದರಿಂದ ಹೀಗಾಗುತ್ತದೆ. ಬಳೆಗಳ ನಡುಬಿಂದು ಇರುವುದು ನೋಡುವವನು ಕೂತ ಜಾಗದಲ್ಲಿ. ನೀವು ಬಾಲದ ಹತ್ತಿರ ಕೂತಿದ್ದರೆ ನೆರಳಿನ ಬಾಲಕ್ಕೆ ಬಳೆ. ಮೂಗಿನ ಹತ್ತಿರ ಕೂತವರಿಗೆ ಮೂಗಿಗೆ. ದೇವರ ಪಟದ ಪ್ರಭಾವಳಿಯನ್ನು ವಿಮಾನದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಂಚಿದ ಹಾಗೆ.

ಆದರೆ ಒಂದು ಸಲ ನಾನು ಬೇಕೆಂದೇ ಬಿಸಿಲಿನ ಕಡೆ ಕೂತೆ. ನವೆಂಬರ್ ತಿಂಗಳು, ಹಿಂಗಾರು ಚೆನ್ನಾಗಿ ಸುರಿದ ವರ್ಷ, ಚೆನ್ನೈಯಿಂದ ಬೆಂಗಳೂರಿಗೆ ಸಂಜೆಯ ವಿಮಾನ. ಎಡಗಡೆಯ ಕಿಟಕಿ. ಕೋಲಾರದ ಮೇಲೆ ಬಂದು ಕೆಳಗಿಳಿಯಲು ಶುರುವಾಗಿತ್ತು. ನೆಲವೆಲ್ಲ ಕಪ್ಪಗಿತ್ತು. ಇದ್ದಕ್ಕಿದ್ದಂತೆ ಒಂದು ಕೆರೆ ತಗಡಿನಂತೆ ಹೊಳೆದು ಆರಿತು. ಅದರ ಕೆಳಗಿನದು ಹೊತ್ತಿಕೊಂಡಿತು, ಅದು ಆರುವಷ್ಟರಲ್ಲಿ ಇನ್ನೂ ಕೆಳಗಿನದು. ನಮ್ಮ ಹಿರಿಯರು ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಸೇರುವಂತೆ ಕಟ್ಟಿದ ಸರಪಳಿ ಅದು. ನೆಲದ ಮೇಲೆ ನಿಂತರೆ ಒಂದು ಕೆರೆ, ಒಂದು ಏರಿ, ಒಂದು ತೂಬು ಅಷ್ಟೇ ಕಾಣುವುದು; ಮೇಲಿನಿಂದ ಎಳೆ ಪೂರ್ತಿ ಕಂಡಿತು. ಅರ್ಧಚಂದ್ರದಂತೆ ಬಾಗಿದ ಏರಿಗಳು ಒಂದರ ಕೆಳಗೊಂದು. ನಡುವೆ ಎಲ್ಲೆಲ್ಲಿ ಲೇಔಟು ಎದ್ದಿತ್ತೋ ಅಲ್ಲಿ ಹೊಳಪಿಲ್ಲ, ಸರಪಳಿಯ ಕೊಂಡಿ ಕಳಚಿದ ಹಾಗೆ. ಕೆರೆ, ಗದ್ದೆ, ಹಿನ್ನೀರು ನೋಡಬೇಕೆಂದರೆ ಬಿಸಿಲಿನ ಕಡೆ ಕೂರಿ; ಬೆಟ್ಟ, ಕಾಡು, ಊರು ನೋಡಬೇಕೆಂದರೆ ನೆರಳಿನ ಕಡೆ.

ಹಿಮಾಲಯದ ವಿಷಯಕ್ಕೆ ಬಂದರೆ ಸೂರ್ಯನಿಗಿಂತ ಗೆರೆಯೇ ಮುಖ್ಯ. ದೆಹಲಿಯಿಂದ ಬಾಗ್‌ಡೋಗ್ರಾ, ಗುವಾಹಟಿ, ಕಠ್ಮಂಡು ಎಲ್ಲಿಗೇ ಹೋದರೂ ಎಡ, ಬರುವಾಗ ಬಲ. ವಿಮಾನದಷ್ಟೇ ಎತ್ತರದಲ್ಲಿ ಬೆಳ್ಳನೆಯ ಮೋಡದ ಸಾಲೊಂದು ಕಾಣುತ್ತಿದ್ದು, ಹತ್ತು ನಿಮಿಷವಾದರೂ ಅದರ ಆಕಾರ ಬದಲಾಗದಿದ್ದರೆ ಅದು ಮೋಡವಲ್ಲ. 35 ಸಾವಿರ ಅಡಿಯಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರ. 8,849 ಮೀಟರಿನ ಎವರೆಸ್ಟು, 8,586 ಮೀಟರಿನ ಕಾಂಚನಜುಂಗಾ ಅದಕ್ಕಿಂತ ಹತ್ತಿರದಲ್ಲೇ ತಲೆ ಎತ್ತಿ ನಿಂತಿರುತ್ತವೆ. ದೆಹಲಿ–ಲೇಹ್ ವಿಮಾನದಲ್ಲಿ ನುನ್–ಕುನ್ ಜೋಡಿ ಶಿಖರ ಎಡಕ್ಕೆ, ದೆಹಲಿ–ಶ್ರೀನಗರ ವಿಮಾನದಲ್ಲಿ ಅದೇ ಶಿಖರ ಬಲಕ್ಕೆ. ಎರಡು ಗೆರೆಗಳ ನಡುವೆ ನಿಂತ ಬೆಟ್ಟ ಅದು. ಲೇಹ್‌ಗೆ ಹೆಚ್ಚಿನ ವಿಮಾನಗಳು ಬೆಳಗ್ಗೆಯೇ ಹೋಗುವುದರಿಂದ ಎಡದವರಿಗೆ ಬೆಳಕೂ ಸರಿಯಾಗಿ ಬೀಳುತ್ತದೆ. ಅಲ್ಲಿನದು ವಾಯುಪಡೆಯ ನೆಲ. ಇಳಿಯುವಾಗ ಮೊಬೈಲು ಜೇಬಿನಲ್ಲಿರಲಿ.

ಕಿಟಕಿಯ ಬಗ್ಗೆಯೂ ಒಂದು ಮಾತು. ಗಾಜಿನ ಬುಡದಲ್ಲಿ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ತೂತು ಕಂಡು ಗಾಬರಿಯಾಗಬೇಡಿ. ಆ ಗಾಜು (ಅದು ಗಾಜೂ ಅಲ್ಲ, ಅಕ್ರಿಲಿಕ್) ಮೂರು ಪದರ. ಹೊರಗಿನದು ಒತ್ತಡ ತಡೆಯುತ್ತದೆ, ನಡುವಿನದು ಆಪತ್ತಿಗೆ, ಒಳಗಿನದು ನಮ್ಮ ಉಗುರು, ಹಣೆಗಳಿಂದ ರಕ್ಷಣೆಗೆ. ತೂತಿರುವುದು ನಡುವಿನದರಲ್ಲಿ, ಒತ್ತಡ ಸಮವಾಗಲಿ, ಮಂಜು ಕಟ್ಟದಿರಲಿ ಎಂದು. ಕಿಟಕಿಯ ಮೂಲೆಗಳು ದುಂಡಗಿರುವುದರ ಹಿಂದೆ ದುಃಖದ ಕಥೆಯಿದೆ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳೆರಡು ಮೂರೇ ತಿಂಗಳ ಅಂತರದಲ್ಲಿ ಆಕಾಶದಲ್ಲೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ಒತ್ತಡ ಏರಿ ಇಳಿದು ದಣಿದ ಲೋಹ, ಚೌಕಾಕಾರದ ತೆರಪುಗಳ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು ಎಂದು ತನಿಖೆಯಲ್ಲಿ ತಿಳಿಯಿತು.

ಅಪ್ಪ ಮೊದಲ ಸಲ ವಿಮಾನ ಹತ್ತಿದ್ದು ಎಪ್ಪತ್ತು ದಾಟಿದ ಮೇಲೆ, ಬೆಂಗಳೂರಿನಿಂದ ದೆಹಲಿಗೆ. ಟಿಕೆಟ್ ಮಾಡುವಾಗ ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಗಂಟೆಗೆ ಹೊರಡುತ್ತೆ?" ಬೆಳಗ್ಗೆ ಒಂಬತ್ತು ಎಂದೆ. "ಉತ್ತರಕ್ಕೆ ತಾನೇ? ಹಾಗಾದ್ರೆ ಎಡಗಡೆ ಹಾಕು." ದಾರಿಯುದ್ದಕ್ಕೂ ಹಣೆ ಕಿಟಕಿಗೆ ಅಂಟಿಸಿ ಕೂತಿದ್ದರು. ಮೊದಲು ಅಗಲದ ಮರಳು ಹೊಳೆ ಬಂದಾಗ "ಇದ್ಯಾವ ನದಿನೋ?" ಎಂದರು. ನನಗೆ ಗೊತ್ತಿರಲಿಲ್ಲ. ಎರಡನೆಯದು ಬಂತು, ಗೊತ್ತಿರಲಿಲ್ಲ. ಮೂರನೆಯದಕ್ಕೆ ಅವರು ಕೇಳಲಿಲ್ಲ. ಇಳಿದ ಮೇಲೆ ಭೂಪಟ ತೆಗೆದು ನೋಡಿದೆ. ಆ ಗೆರೆ ದಾಟುವುದು ತುಂಗಭದ್ರಾ, ಕೃಷ್ಣಾ, ಗೋದಾವರಿ, ತಾಪಿ, ನರ್ಮದೆ, ಚಂಬಲ್. ಲಂಕೆಯಿಂದ ಮರಳುವಾಗ ಪುಷ್ಪಕ ವಿಮಾನದಲ್ಲಿ ರಾಮ ಸೀತೆಗೆ ಸೇತುವೆ, ಕಿಷ್ಕಿಂಧೆ, ಪಂಪೆ, ಗೋದಾವರಿ, ಯಮುನೆ ಎಂದು ತೆಂಕಣದಿಂದ ಬಡಗಣಕ್ಕೆ ಒಂದೊಂದನ್ನೇ ಬೆರಳು ಮಾಡಿ ತೋರಿಸಿದ. ಅವನ ಪಕ್ಕದಲ್ಲಿ ಕೂತವಳಿಗೆ ಹೆಸರು ಗೊತ್ತಾಯಿತು. ನನ್ನ ಪಕ್ಕದಲ್ಲಿ ಕೂತವರಿಗೆ ಆಗಲಿಲ್ಲ.

ಈಗ ಬೋರ್ಡಿಂಗ್ ಪಾಸ್ ತೆಗೆದ ಮೇಲೆ ಐದು ನಿಮಿಷ ಗೆರೆಯ ಎರಡೂ ಬದಿಯ ನದಿ, ಬೆಟ್ಟ, ಅಣೆಕಟ್ಟುಗಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ. ಇನ್ನೊಂದು ಕೇಳಿಕೆ. ಹಗಲಿನ ವಿಮಾನದಲ್ಲೂ ಕಿಟಕಿ ಸೀಟಿಗೆ ಹೆಚ್ಚು ದುಡ್ಡು ಕೊಟ್ಟು, ಮೊಬೈಲಿನ ಪರದೆಗೆ ಬೆಳಕು ಹೊಡೆಯುತ್ತದೆ ಎಂದು ಕಿಟಕಿಯ ಪರದೆ ಎಳೆದುಬಿಡುವವರನ್ನು ಪ್ರತಿ ಸಲ ನೋಡುತ್ತೇನೆ. ಸಿನಿಮಾ ನೋಡುವುದಾದರೆ ಓಣಿ ಪಕ್ಕದ ಸೀಟೇ ಸಾಕು. ಕಿಟಕಿಯನ್ನು ಮೊದಲ ಸಲ ಹಾರುತ್ತಿರುವ ಮಗುವಿಗೋ ಮುದುಕರಿಗೋ ಬಿಟ್ಟುಕೊಡಿ. ಕೊಡಲು ಮನಸ್ಸಿಲ್ಲದಿದ್ದರೆ ಪರದೆಯನ್ನಾದರೂ ಎತ್ತಿಡಿ.